ಮೂರನೇ ಮಂಚಕ್ಕೆ ಬೇಡವಾದ ಪುಣ್ಯ

ಆ ವರ್ಷ ಲೆಂಟ್ ಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ವಾರ್ಡಿನ ಇಬ್ಬರು ನರ್ಸುಗಳು ಜ್ವರ ಹಿಡಿದು ಮಲಗಿದರು. ಉಳಿದದ್ದು ನಾನು, ಒಬ್ಬ ಆಯಾ ಮತ್ತು ಹನ್ನೆರಡು ಮಂಚ. ಮೈಸೂರಿನಲ್ಲಿ ನಮ್ಮ ಚರ್ಚಿನ ಸಭೆಯವರು ನಡೆಸುತ್ತಿದ್ದ ಹೆಂಗಸರ ಚಿಕ್ಕ ಆಸ್ಪತ್ರೆ ಅದು. ಈಗ ಅದಿಲ್ಲ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ವಾರ್ಡ್ ಸಿಸ್ಟರ್ ಆಗಿ ಎರಡನೇ ವರ್ಷ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ರೇಗುವಷ್ಟು ದಣಿದಿದ್ದೆ.

ಮೂರನೇ ಮಂಚದಲ್ಲಿ ತೊಡೆಮೂಳೆ ಮುರಿದ ಹೆಂಗಸೊಬ್ಬಳಿದ್ದಳು. ಪಡುವಾರಹಳ್ಳಿಯವಳು, ಐವತ್ತೈದರ ಆಸುಪಾಸು. ಎರಡು ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಿದ್ದಳು. ಎಲ್ಲರೂ ಅವಳನ್ನು ಹಾಲಿನವ್ವ ಎನ್ನುತ್ತಿದ್ದರು. ಕೊಟ್ಟಿಗೆ ತೊಳೆಯುವಾಗ ಜಾರಿ ಬಿದ್ದು ಎಡತೊಡೆ ನಡುಮಧ್ಯೆ ಮುರಿದುಕೊಂಡಿದ್ದಳು.

ಇಂಥದ್ದಕ್ಕೆ ಆಪರೇಷನ್ ಮಾಡುವ ಅನುಕೂಲ ನಮ್ಮಲ್ಲಿರಲಿಲ್ಲ. ಕಾಲನ್ನು ಎಳೆದು ಕಟ್ಟಿ, ಮೂಳೆ ಕೂಡುವವರೆಗೆ ಕಾಯುವುದೇ ಚಿಕಿತ್ಸೆ. ಕಾಲಿನ ಎರಡೂ ಬದಿಗೆ ಅಗಲವಾದ ಅಂಟುಪಟ್ಟಿ ಹಚ್ಚಿ, ಅದರ ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಮಂಚದ ಕಾಲ್ದೆಸೆಯಲ್ಲಿರುವ ರಾಟೆಯ ಮೇಲೆ ಹಾಯಿಸಿ, ಕೊನೆಗೆ ಕಬ್ಬಿಣದ ತೂಕವನ್ನು ತೂಗುಬಿಡಬೇಕು. ಆ ತೂಕ ಹಗಲೂ ಇರುಳೂ ಕಾಲನ್ನು ಎಳೆಯುತ್ತಿದ್ದರೆ ಮುರಿದ ತುದಿಗಳು ಒಂದರ ಮೇಲೊಂದು ಏರದೆ ಎದುರುಬದುರು ನಿಲ್ಲುತ್ತವೆ. ರೋಗಿ ಕೆಳಕ್ಕೆ ಜಾರದಂತೆ ಕಾಲ್ದೆಸೆಗೆ ಮರದ ದಿಮ್ಮಿ ಕೊಟ್ಟು ಮಂಚವನ್ನು ಎತ್ತರಿಸಬೇಕು. ನಿಯಮ ಒಂದೇ: ತೂಕ ಗಾಳಿಯಲ್ಲಿ ತೂಗುತ್ತಿರಬೇಕು. ನೆಲಕ್ಕೆ ತಾಗಬಾರದು, ಮಂಚಕ್ಕೆ ಒರಗಬಾರದು, ಯಾರೂ ಅದನ್ನು ಎತ್ತಬಾರದು. ಹೀಗೆ ಹತ್ತು ವಾರ.

ಮೂಳೆಗಿಂತ ಹೆಚ್ಚು ಕೆಲಸ ಬೆನ್ನಿನದು. ಕಾಲು ಕಟ್ಟಿಹಾಕಿರುವವರನ್ನು ಮಗ್ಗುಲಿಗೆ ಹೊರಳಿಸುವಂತಿಲ್ಲ. ತಲೆಯ ಮೇಲೆ ಕಟ್ಟಿದ ಹಗ್ಗ ಹಿಡಿದು ಅವರು ಕೊಂಚ ಏಳಬೇಕು, ಇಬ್ಬರು ಎರಡೂ ಕಡೆಯಿಂದ ಸೊಂಟ ಎತ್ತಬೇಕು, ಮೂರನೆಯವರು ಬೆನ್ನಿನ ಬುಡಕ್ಕೆ ಸೋಪುನೀರು, ಆಮೇಲೆ ಸ್ಪಿರಿಟ್, ಆಮೇಲೆ ಪೌಡರ್ ಹಾಕಿ ಉಜ್ಜಬೇಕು. ನಾಲ್ಕು ಗಂಟೆಗೊಮ್ಮೆ. ತಪ್ಪಿದರೆ ಚರ್ಮ ಕೆಂಪಾಗುತ್ತದೆ, ಎರಡು ದಿನದಲ್ಲಿ ಒಡೆದು ಹುಣ್ಣಾಗುತ್ತದೆ. ಮೂರು ಜನರ ಕೆಲಸ. ಇದ್ದವರು ಇಬ್ಬರು.

ಇದನ್ನೇ ಡಾಕ್ಟರಮ್ಮನ ಹತ್ತಿರ ಹೇಳಿಕೊಂಡೆ. ಅವರು ಕಾಗದದಿಂದ ತಲೆ ಎತ್ತದೆ, "ಸ್ತ್ರೀಯರ ಕೂಟದಿಂದ ನಾಲ್ಕು ಜನ ಬರ್ತಾರೆ ಸಿಸ್ಟರ್. ಲೆಂಟ್ ಮುಗಿಯೋವರೆಗೂ ಸೇವೆ ಮಾಡ್ತಾರಂತೆ" ಎಂದರು.

"ಅವರಿಗೆ ಕೆಲಸ ಬರುತ್ತಾ ಡಾಕ್ಟರ್?"

"ಕಲಿಸಿ."

ನಾಲ್ವರು ಬಂದರು. ಮೊದಲ ವಾರದಲ್ಲೇ ಒಬ್ಬರಿಗೆ ಫಿನೈಲ್ ವಾಸನೆಗೆ ತಲೆನೋವು, ಒಬ್ಬರ ಮನೆಗೆ ನೆಂಟರು, ಒಬ್ಬರು ಕಾರಣವನ್ನೂ ಹೇಳಲಿಲ್ಲ. ಉಳಿದವರು ಯಾದವಗಿರಿಯ ಅಮ್ಮ ಒಬ್ಬರೇ. ದೊಡ್ಡ ಅಧಿಕಾರಿಯಾಗಿದ್ದವರ ವಿಧವೆ, ದೊಡ್ಡ ಬಂಗಲೆಯಲ್ಲಿ ಒಬ್ಬರೇ ಇದ್ದರು. ನಮ್ಮ ಸೂಜಿಗಳು ಕುದಿಯುತ್ತಿದ್ದುದೇ ಅವರು ಕೊಡಿಸಿದ ಸ್ಟೆರಿಲೈಜರಿನಲ್ಲಿ. ಹೀಗಾಗಿ ಅವರ ವಿಷಯದಲ್ಲಿ ಎಲ್ಲರೂ ಸ್ವಲ್ಪ ಮೆತ್ತಗೆ.

ಮೊದಲ ದಿನವೇ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನನಗೆ ಎಲ್ಲಕ್ಕಿಂತ ಕೀಳಾದ ಕೆಲಸ ಕೊಡಿ ಸಿಸ್ಟರ್" ಎಂದರು.

"ಇಲ್ಲಿ ಕೀಳು ಕೆಲಸ ಅಂತ ಇಲ್ಲ ಅಮ್ಮಾವ್ರೆ. ಹೊತ್ತಿಗೆ ಸರಿಯಾಗಿ ಆಗಬೇಕಾದ ಕೆಲಸ ಇದೆ."

"ಬೆಡ್‌ಪ್ಯಾನ್ ಕೊಡೋದು?"

"ಅದೂ ಹೊತ್ತಿಗೆ ಸರಿಯಾಗಿ ಆಗಬೇಕು."

ಅವರ ಮುಖ ಬೆಳಗಿತು. ಅದನ್ನೇ ಹಿಡಿದುಕೊಂಡರು. ಸೋಮಾರಿತನ ಒಂದಿಷ್ಟೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಒಂದರವರೆಗೆ, ಮತ್ತೆ ನಾಲ್ಕರಿಂದ ಆರು. ಆದರೆ ಪ್ಯಾನ್ ಇಡುವ ಮುಂಚೆ ಕಣ್ಣು ಮುಚ್ಚಿ ನಿಲ್ಲುವರು. ತೆಗೆಯುವಾಗ ಇನ್ನೊಮ್ಮೆ. ನಾನು ಅವಸರ ಮಾಡಿದರೆ ಮುಗುಳ್ನಕ್ಕು ಬೆರಳನ್ನು ಮೇಲೆ ತೋರಿಸಿ, "ಇದಕ್ಕೆಲ್ಲ ಪ್ರತಿಫಲ ಅಲ್ಲಿದೆ ಸಿಸ್ಟರ್" ಎನ್ನುವರು. ಅವರು ತೋರಿಸಿದ ಕಡೆ ಸುಣ್ಣ ಉದುರುತ್ತಿದ್ದ ಸೀಲಿಂಗ್ ಇತ್ತು.

ನಾನೂ ಅದೇ ಮಾತುಗಳಲ್ಲಿ ಬೆಳೆದವಳೇ. ಒಳ್ಳೆಯದು ಮಾಡಿದವರಿಗೆ ಪರಲೋಕದಲ್ಲಿ ಕಿರೀಟ ಕಾದಿರುತ್ತದೆಂದು ಸಂಡೇಸ್ಕೂಲಿನ ಟೀಚರು ಹೇಳಿದ್ದನ್ನು ಕೇಳಿ, ಕಿರೀಟ ನನ್ನ ತಲೆಗೆ ದೊಡ್ಡದಾದೀತೇನೋ ಎಂದು ಹೆದರಿದ್ದೆ. ಆದರೆ ನರ್ಸಿಂಗ್ ಕಲಿಯುವಾಗ ಬೆನ್ನುಗಳು, ಚಾರ್ಟುಗಳು, ಕುದಿಯುವ ನೀರು ಇವುಗಳ ನಡುವೆ ಆ ಮಾತು ಎಲ್ಲೋ ಹಿಂದೆ ಸರಿದಿತ್ತು. ಈಗ ಅದು ಬಿಳಿ ಸೀರೆ ಉಟ್ಟು ನನ್ನ ವಾರ್ಡಿನೊಳಗೆ ಓಡಾಡುತ್ತಿತ್ತು.

ಎರಡನೇ ವಾರ ಒಂದು ಬೆಳಿಗ್ಗೆ ನಾನು ಡ್ರೆಸ್ಸಿಂಗ್ ಕೋಣೆಯಿಂದ ಬರುವಷ್ಟರಲ್ಲಿ ಹಾಲಿನವ್ವ ಹಲ್ಲು ಕಚ್ಚಿ ನರಳುತ್ತಿದ್ದಳು. ಯಾದವಗಿರಿಯ ಅಮ್ಮ ಮಂಚದ ಪಕ್ಕ ಮಂಡಿಯೂರಿ ಪ್ರಾರ್ಥನೆಯಲ್ಲಿದ್ದರು. ಕಾಲ್ದೆಸೆ ನೋಡಿದೆ. ತೂಕ ಒಂದು ಸ್ಟೂಲಿನ ಮೇಲೆ ನೆಮ್ಮದಿಯಾಗಿ ಕೂತಿತ್ತು. ಹಗ್ಗ ಸಡಿಲವಾಗಿ ಜೋತುಬಿದ್ದಿತ್ತು.

"ಯಾರು ಇಟ್ಟಿದ್ದು ಇದನ್ನ?"

"ನಾನೇ ಸಿಸ್ಟರ್. ಪಾಪ, ಅಷ್ಟು ಭಾರ ರಾತ್ರಿಯೆಲ್ಲ ಎಳೀತಾ ಇತ್ತು. ಪ್ರಾರ್ಥನೆ ಮುಗಿಯೋವರೆಗಾದರೂ ಆಕೆಗೆ ಬಿಡುವಿರಲಿ ಅಂತ."

"ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ ಇರಬಹುದು."

ಸ್ಟೂಲನ್ನು ಸರಿಸಿ ತೂಕವನ್ನು ಮೆಲ್ಲಗೆ ಇಳಿಬಿಟ್ಟು, ಡಾಕ್ಟರಮ್ಮನಿಗೆ ಹೇಳಿಕಳಿಸಿದೆ. ಬಾಯಿ ತೆರೆದಿದ್ದರೆ ಆ ಅಮ್ಮ ಮತ್ತೆ ಆಸ್ಪತ್ರೆಗೆ ಬರುತ್ತಿರಲಿಲ್ಲ, ನಾನೂ ಬರುತ್ತಿರಲಿಲ್ಲ. ಡಾಕ್ಟರಮ್ಮ ಟೇಪು ತಂದು ಎರಡೂ ಕಾಲು ಅಳೆದರು. ಎಡಗಾಲು ಒಂದು ಅಂಗುಲ ಗಿಡ್ಡವಾಗಿತ್ತು. ಸೆಟೆದುಕೊಂಡ ತೊಡೆಯ ಸ್ನಾಯು ಮೂಳೆಯನ್ನು ಮತ್ತೆ ಮೇಲಕ್ಕೆಳೆದಿತ್ತು. ತೂಕ ಹೆಚ್ಚಿಸಿದರು, ಇನ್ನೂ ಎರಡು ವಾರ ಸೇರಿಸಿದರು, ಹೊರಗೆ ಬಂದು ನನಗೆ ಹೇಳಿದರು: "ವಾರ್ಡ್ ನಿಮ್ಮದು ಸಿಸ್ಟರ್. ಅಲ್ಲಿ ಯಾರು ಏನು ಮಾಡಿದರೂ ಅದು ನೀವು ಮಾಡಿದ ಹಾಗೆ." ಬೈಸಿಕೊಂಡವಳು ನಾನು. ಯಾದವಗಿರಿಯ ಅಮ್ಮನಿಗೆ ಅವರು ಕಾಫಿ ಕೊಡಿಸಿದರು.

ಆಗಲೇ ಕಳಿಸಿಬಿಡಬೇಕಾಗಿತ್ತು. ಆದರೆ ಬೆನ್ನು ಎತ್ತುವುದಕ್ಕೆ ಮೂರನೆಯ ಜೋಡಿ ಕೈ ಬೇಕಿತ್ತು. ಹಾಗಾಗಿ ಹಲ್ಲು ಕಚ್ಚಿಕೊಂಡು ಸಹಿಸಿದೆ.

ಇದಾಗಿ ನಾಲ್ಕೈದು ದಿನಕ್ಕೆ ಹಾಲಿನವ್ವನಿಗೆ ಸಂಜೆಸಂಜೆ ಜ್ವರ ಬರತೊಡಗಿತು. ತುಟಿ ಒಣಗಿತ್ತು. ಚಾರ್ಟ್ ನೋಡಿದೆ: ಮೂತ್ರ ದಿನಕ್ಕೆ ಎರಡೇ ಸಲ, ಅದೂ ಕಡುಹಳದಿ. ಬೆನ್ನು ಎತ್ತಿ ನೋಡಿದರೆ ಬುಡದಲ್ಲಿ ನಾಲ್ಕಾಣೆಯಷ್ಟಗಲ ಚರ್ಮ ಒಡೆದಿತ್ತು. ನನ್ನ ವಾರ್ಡಿನಲ್ಲಿ ಬೆನ್ನುಹುಣ್ಣು! ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟೇ, ರೋಗಿಗೆ ಬೆನ್ನುಹುಣ್ಣಾದರೆ ನರ್ಸು ಮುಖ ತೋರಿಸಬಾರದು ಅಂತ.

ಡಾಕ್ಟರಮ್ಮ ಸಲ್ಫಾ ಮಾತ್ರೆ ಬರೆದರು. ಅದರ ಜೊತೆ ದಿನಕ್ಕೆ ಹನ್ನೆರಡು ಲೋಟ ನೀರು ಕುಡಿಸಲೇಬೇಕು, ಇಲ್ಲದಿದ್ದರೆ ಮಾತ್ರೆ ಮೂತ್ರಪಿಂಡದಲ್ಲಿ ಹರಳುಗಟ್ಟಿ ಜೀವಕ್ಕೇ ಕುತ್ತು. ನಾನು ನೀರಿನ ಲೋಟ ಹಿಡಿದು ಹೋದೆ. ಅವಳು ಮುಖ ತಿರುಗಿಸಿದಳು.

"ಯಾಕವ್ವಾ? ಸಾಯಬೇಕು ಅಂತಿದೀಯಾ?"

"ಕುಡುದ್ರೆ ಉಯ್ಯಬೇಕಲ್ಲವ್ವ."

"ಉಯ್ಯಿ. ಪ್ಯಾನ್ ಕೊಡ್ತಾರಲ್ಲ."

"ಆಯಮ್ಮ ಕೊಡ್ತಾಳೆ!" ಅವಳು ಅಷ್ಟು ಜ್ವರದಲ್ಲೂ ತಲೆ ಎತ್ತಿದಳು. "ನಾನು ಅದ್ರ ಮೇಲೆ ಕುಂತಿದ್ರೆ ಕಣ್ ಮುಚ್ಕಂಡು ಕೈ ಮುಗೀತಾಳೆ ಕಣವ್ವ. ನನ್ ಉಚ್ಚೆ ಎತ್ತಿದ್ರೆ ಆಯಮ್ಮಂಗೆ ಮೇಲೆ ಜಾಗ ಸಿಕ್ತದಂತೆ. ಅವಳೇ ಯೋಳುದ್ಳು. ನಾನೇನು ಅವಳ್ಗೆ ಅಟ್ಟ ಅತ್ತೋ ಏಣಿಯಾ? ಅವಳಿರೋ ಗಂಟ ತಡ್ಕತೀನಿ. ಅವಳ್ ಕೈಯಾಗೆ ಮಾತ್ರ ಬ್ಯಾಡ."

ಮಧ್ಯಾಹ್ನ ಒಂದರವರೆಗೆ ತಡೆದುಕೊಳ್ಳುತ್ತಿದ್ದಳು. ತಡೆಯಲು ಸುಲಭವಾಗಲೆಂದು ನೀರನ್ನೇ ಬಿಟ್ಟಿದ್ದಳು. ಸಂಜೆಯೂ ಹಾಗೇ. ಮೂತ್ರಕ್ಕೆ ನಂಜೇರಿ ಜ್ವರ ಬಂದದ್ದು, ಚರ್ಮ ಒಣಗಿ ಒಡೆದದ್ದು ಅದರಿಂದ.

"ನೀನ್ಯಾಕ್ ಮಾಡ್ತೀಯ ಈ ಕೆಲ್ಸ?" ಎಂದು ತಟ್ಟನೆ ಕೇಳಿದಳು.

"ಸಂಬಳ ಕೊಡ್ತಾರೆ. ಅದಕ್ಕೆ."

"ಅದು ನ್ಯಾಯ. ಸಂಬ್ಳ ತಕ್ಕಳೋರ್ನ ಬೈಬೋದು. ಪುಣ್ಯಕ್ಕೆ ಅಂತ ಬಂದೋರ್ನ ಎಂಗ್ ಬೈಯಾದು? ಬೈದ್ರೆ ನಂಗೇ ಪಾಪ." ಹೀಗೆಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದಳು.

ಸಂಬಳಕ್ಕೆ ಎಂದದ್ದು ಪೂರಾ ನಿಜವಲ್ಲ. ಆ ಸಂಬಳಕ್ಕೆ ಯಾರೂ ಅಷ್ಟು ಕೆಲಸ ಮಾಡುತ್ತಿರಲಿಲ್ಲ. ಆದರೆ ನಿಜವನ್ನು ಬಿಡಿಸಿ ಹೇಳುವಷ್ಟು ಪುರಸೊತ್ತು ನನಗಿರಲಿಲ್ಲ, ಬಿಡಿಸಿ ನೋಡುವ ಧೈರ್ಯವೂ ಇರಲಿಲ್ಲ.

ಅಂದು ಸಂಜೆ ಯಾದವಗಿರಿಯ ಅಮ್ಮ ಪ್ಯಾನ್ ತೊಳೆಯುವ ಕೋಣೆಯಲ್ಲಿದ್ದಾಗ ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಸ್ಟೆರಿಲೈಜರ್ ಹೋದರೆ ಹೋಗಲಿ, ಡಾಕ್ಟರಮ್ಮ ಬೈದರೆ ಬೈಯಲಿ ಎಂದು ನಿರ್ಧರಿಸಿಯಾಗಿತ್ತು.

"ನಾಳೆಯಿಂದ ನೀವು ಮೂರನೇ ಮಂಚದ ಹತ್ತಿರ ಹೋಗಬೇಡಿ ಅಮ್ಮಾವ್ರೆ."

"ಯಾಕೆ? ಇರೋರಲ್ಲೆಲ್ಲ ಹೆಚ್ಚು ಕಷ್ಟದಲ್ಲಿರೋರು ಅವರೇ ಅಲ್ವಾ?"

ಎಲ್ಲವನ್ನೂ ಹೇಳಿದೆ. ತೂಕ, ಒಂದು ಅಂಗುಲ, ನೀರು, ಜ್ವರ, ಹುಣ್ಣು. ಏಣಿಯ ಮಾತನ್ನೂ ಬಿಡಲಿಲ್ಲ. ಅವರು ಅಳುತ್ತಾರೆ, ಇಲ್ಲವೇ ಸೀದಾ ಡಾಕ್ಟರಮ್ಮನ ಕೋಣೆಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಬಕೆಟ್ಟಿನಲ್ಲಿಟ್ಟು ಗೋಡೆಗೆ ಒರಗಿದರು.

"ಕಿರೀಟ ಬೇಕು ಅಂತ ಅಲ್ಲ ಸಿಸ್ಟರ್" ಎಂದರು. "ನಮ್ಮ ಯಜಮಾನರು ಐದು ತಿಂಗಳು ಮಲಗಿದ್ರು. ಮೈಯ ಒಂದು ಕಡೆ ಸ್ವಾಧೀನ ಇರಲಿಲ್ಲ. ಎಲ್ಲಾ ಹಾಸಿಗೆಯಲ್ಲೇ. ನಾನು ದಿನಾ ಬಾಗಿಲ ತನಕ ಹೋಗಿ, ಹೇಗಿದ್ದೀರಿ ಅಂತ ಕೇಳ್ತಿದ್ದೆ. ಒಳಗೆ ಕಾಲಿಡೋಕೆ ಆಗ್ತಿರಲಿಲ್ಲ. ಆ ವಾಸನೆ. ಮಾಡಿದ್ದೆಲ್ಲ ಆಳು. ಕೊನೇ ದಿನಾನೂ ನಾನು ಬಾಗಿಲಲ್ಲೇ ಇದ್ದೆ." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ಅಲ್ಲಿ ಮತ್ತೆ ಅವರನ್ನ ನೋಡ್ತೀನಲ್ಲ. ನೋಡಿದಾಗ ಏನಾದರೂ ಹೇಳಬೇಕಲ್ಲ ಸಿಸ್ಟರ್. ಆಮೇಲಾದರೂ ಇಷ್ಟು ಮಾಡಿದೆ ಅಂತ."

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನಷ್ಟು ರೇಗಿತು. ಬೆಳಿಗ್ಗೆಯಿಂದ ಕೂಡಿಟ್ಟುಕೊಂಡು ಬಂದಿದ್ದ ಸಿಟ್ಟನ್ನು ಸರಿಯಾಗಿ ಖರ್ಚು ಮಾಡುವುದಕ್ಕೂ ಬಿಡದ ಜನ ಇವರು ಎನಿಸಿತು. ಊಟ ಮಾಡಿರಲಿಲ್ಲ, ಕಾಲು ಬಾತಿತ್ತು.

"ಅದು ನಿಮ್ಮ ಯಜಮಾನರ ಬೆನ್ನಲ್ಲ ಅಮ್ಮಾವ್ರೆ, ಹಾಲಿನವ್ವನ ಬೆನ್ನು" ಎಂದೆ. "ಇಷ್ಟು ದಿನ ಬಂದಿರಿ. ನಿನಗೇನು ಬೇಕವ್ವಾ ಅಂತ ಒಂದು ದಿನವಾದರೂ ಆಕೆಯನ್ನ ಕೇಳಿದೀರಾ?"

ಅವರು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ.

ಕಳಿಸಿಬಿಡಬೇಕೆಂದು ಹೋದವಳು ಅಲ್ಲೇ ನಿಂತು ಮನಸ್ಸು ಬದಲಿಸಿದೆ. ಕರುಣೆಯಿಂದಲೋ, ಕೈ ಸಾಲದೆಂಬ ಲೆಕ್ಕಾಚಾರದಿಂದಲೋ, ಇವತ್ತಿಗೂ ಗೊತ್ತಿಲ್ಲ. ಷರತ್ತು ಹಾಕಿದೆ: ಮಂಚದ ಪಕ್ಕ ಪ್ರಾರ್ಥನೆ ಇಲ್ಲ, ಮೇಲೆ ಬೆರಳು ತೋರಿಸುವುದಿಲ್ಲ, ಪ್ರತಿಫಲದ ಮಾತಿಲ್ಲ. ನಾಳೆ ಬೆಳಿಗ್ಗೆ ಬಂದು ಆಕೆಗೆ ಏನು ಬೇಕೆಂದು ಕೇಳಬೇಕು. ಅವಳು ಹೇಳಿದ್ದನ್ನು ಮಾಡಬೇಕು. ಅವಳು ಬೇಡವೆಂದರೆ ಈಸ್ಟರ್‌ವರೆಗೆ ಹಿಂದಿನ ಕೋಣೆಯಲ್ಲಿ ಬ್ಯಾಂಡೇಜು ಸುತ್ತುವುದು.

ಮರುದಿನ ಅವರು ಕೇಳಿದರು. ಹಾಲಿನವ್ವ ಅವರ ಕಡೆ ಮುಖ ತಿರುಗಿಸಿದಳು.

"ನಿಜ್ವಾಗ್ಲೂ ಕೇಳ್ತಿದೀಯಾ?"

"ಹೌದು, ಹೇಳಿ."

"ನಂಗೇನೂ ಬ್ಯಾಡ. ನಮ್ದೊಂದ್ ಎಮ್ಮೆ ತುಂಬಿದ್ ಗಬ್ಬ. ಸೊಸೆ ಬಂದಾಗೆಲ್ಲ ಚೆನ್ನಾಗದೆ ಅಂತಾಳೆ, ಅವಳ್ ಮಾತು ನಂಬಕಾಗಕಿಲ್ಲ. ನೀನು ಓಗಿ ನೋಡ್ಕಂಡ್ ಬಾ. ಕೆಚ್ಚಲು ಬಿಗ್ದದಾ, ಬಾಲದ್ ಬುಡ ಸಡ್ಲಾಗದಾ, ಎರಡೇ ನೋಡು."

ಯಾದವಗಿರಿಯ ಅಮ್ಮ ನನ್ನ ಕಡೆ ನೋಡಿದರು. ಎಮ್ಮೆಗೆ ಪರಲೋಕದಲ್ಲಿ ಏನು ಪ್ರತಿಫಲವೋ ಅವರಿಗೂ ಗೊತ್ತಿರಲಿಕ್ಕಿಲ್ಲ. ನಾನು ಚಾರ್ಟ್ ಬರೆಯುವಂತೆ ನಟಿಸಿದೆ. ಅವರು ಹೊರಟರು.

ಹನ್ನೆರಡರ ಹೊತ್ತಿಗೆ ವಾಪಸು ಬಂದರು. ಸೀರೆಯ ಅಂಚಿಗೆ ಸಗಣಿ ಮೆತ್ತಿತ್ತು. ಮುಖದ ತುಂಬ ಬೆವರು.

"ಕೆಚ್ಚಲು ಬಿಗಿದಿದೆ. ಬಾಲದ ಹತ್ತಿರ ಏನೂ ಗೊತ್ತಾಗಲಿಲ್ಲ."

"ಮುಟ್ಟಿದ್ಯಾ?"

"ಇಲ್ಲ. ದೂರದಿಂದಲೇ ನೋಡಿದೆ."

"ಬಾಗ್ಲಾಗ್ ನಿಂತ್ಕಂಡು ನೋಡಿದ್ರೆ ಎಂಗ್ ಗೊತ್ತಾದದು?" ಹಾಲಿನವ್ವ ಹಗ್ಗ ಹಿಡಿದು ಎದ್ದೇಬಿಟ್ಟಳು. "ಅಷ್ಟ್ ದೂರ ಓಗಿ ಮುಟ್ದೆ ಬಂದ್ಬುಟ್ಯಾ! ಕೈ ಸವೀತಿತ್ತಾ? ನಾಳೆ ಓಗಿ ಮುಟ್ಟು. ಬೆರಳ್ ಇಟ್ಟು ಒತ್ತಿ ನೋಡು. ಮೆತ್ಗಿದ್ರೆ ಎರಡ್ ದಿನದಲ್ಲಿ ಈಯ್ತದೆ."

ಅವರು ಬಿಳಿಚಿಕೊಂಡರು. ಬಾಗಿಲಿನ ಮಾತು ಹಾಲಿನವ್ವನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಅವರೀಗ ಹೊರಟುಹೋಗುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ. "ಆಯ್ತು, ನಾಳೆ ಮುಟ್ಟಿ ನೋಡ್ತೀನಿ" ಎಂದರು. ಹಾಲಿನವ್ವ ಇನ್ನೂ ಗೊಣಗುತ್ತಲೇ, "ನಿಂತ್ಕಂಡೇನ್ ನೋಡ್ತೀಯ, ಆ ಪ್ಯಾನ್ ತಕ್ಕೊಡು. ಆಗ್ಲಿಂದ ತಡ್ಕಂಡಿವ್ನಿ" ಎಂದಳು.

ಅವರು ಕೊಟ್ಟರು. ಕಣ್ಣು ತೆರೆದುಕೊಂಡೇ.

ಎಮ್ಮೆ ಈದದ್ದು ಮೂರನೆಯ ದಿನ, ಯಾದವಗಿರಿಯ ಅಮ್ಮನ ಎದುರಿನಲ್ಲೇ. ಆ ದಿನ ಬೆಳಗಿನ ಪಾಳಿಗೆ ಅವರು ಬರಲೇ ಇಲ್ಲ. ಹೇಳಿ ಕಳಿಸಲೂ ಇಲ್ಲ. ನಾನೂ ಆಯಾಳೂ ಇಬ್ಬರೇ ಎಂಟು ಬೆನ್ನು ಎತ್ತಿದೆವು. ಸಂಜೆ ಬಂದು ಹೆಣ್ಣುಕರು ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಸೊಂಟ ನೋಯುತ್ತಿತ್ತು.

ಸಲ್ಫಾ ಮತ್ತು ನೀರಿಗೆ ಜ್ವರ ವಾರದಲ್ಲಿ ಇಳಿಯಿತು. ಹುಣ್ಣು ಅಷ್ಟು ಬೇಗ ಬಗ್ಗಲಿಲ್ಲ. ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ತೊಳೆದು ತೆಳುವಾದ ಗಾಜ್ ಬಟ್ಟೆ ಇಡುತ್ತಿದ್ದೆವು. ಕೆಳಗೆ ಗಾಳಿ ತುಂಬಿದ ರಬ್ಬರ್ ಉಂಗುರ. ಎತ್ತುವುದನ್ನು ಹಾಲಿನವ್ವನೇ ತಿದ್ದಿದಳು. ಕಾಯಿಲೆಬಿದ್ದು ನೆಲ ಹಿಡಿದ ಎಮ್ಮೆಗಳನ್ನು ನೋಡಿಕೊಂಡವಳಲ್ಲವೇ. "ಒದ್ದೆ ನಿಲ್ಲಬಾರ್ದು, ಒಂದೇ ಮಗ್ಗುಲು ಇರಬಾರ್ದು, ಅಷ್ಟೇ ಕಣವ್ವ. ನಾನು ಉಸ್ರು ಬುಟ್ಟಾಗ ಎತ್ತಿ, ಎಳ್ಕಂಡಾಗ ಎತ್ತಬ್ಯಾಡಿ." ನಮ್ಮ ಪುಸ್ತಕದಲ್ಲಿ ಅದಿರಲಿಲ್ಲ. ಅವಳು ಹೇಳಿದಂತೆ ಎತ್ತಿದರೆ ಭಾರ ಅರ್ಧವಾದಂತಾಗುತ್ತಿತ್ತು.

ಈಸ್ಟರ್ ಬಂತು, ಹೋಯಿತು. ನರ್ಸುಗಳು ಕೆಲಸಕ್ಕೆ ಮರಳಿದರು. ಸೇವೆಯ ಅವಧಿ ಮುಗಿಯಿತೆಂದು ಯಾದವಗಿರಿಯ ಅಮ್ಮನಿಗೆ ನಾನೇ ಹೇಳಿದೆ. ಅವರು ಕೇಳಿಸಿಕೊಂಡು ಮರುದಿನ ಒಂಬತ್ತಕ್ಕೆ ಬಂದರು.

ಒಂದು ಮಧ್ಯಾಹ್ನ ಬೆನ್ನು ಉಜ್ಜಿಸಿಕೊಳ್ಳುತ್ತಾ ಹಾಲಿನವ್ವ ಕೇಳಿದಳು: "ಅಲ್ಲಾ, ನಿಮ್ ಸ್ವರ್ಗದಲ್ಲಿ ನಮ್ಮಂತೋರ್ಗೆ ಜಾಗ ಅದಾ?"

ನಾನು ಸ್ಪಿರಿಟ್ ಬಾಟಲಿ ಹಿಡಿದು ನಿಂತಿದ್ದೆ. ಈ ಪ್ರಶ್ನೆಗೆ ಯಾದವಗಿರಿಯ ಅಮ್ಮನ ಹತ್ತಿರ ಮೊದಲಾಗಿದ್ದರೆ ಒಂದಲ್ಲ ಹತ್ತು ಉತ್ತರ ಇರುತ್ತಿದ್ದವು. ಅವರ ಕೈ ನಿಂತಿತು.

"ಗೊತ್ತಿಲ್ಲ" ಎಂದರು. "ನಮ್ಮ ಪಾಸ್ಟರನ್ನು ಕೇಳಿದರೆ ಏನೋ ಒಂದು ಹೇಳ್ತಾರೆ. ನನಗೆ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಬುಡು. ಚೂರು ಎಡಕ್ಕೆ ಉಜ್ಜು, ಅಲ್ಲಿ ಕಡೀತದೆ."

ಹನ್ನೆರಡನೇ ವಾರ ಎಕ್ಸ್-ರೇಯಲ್ಲಿ ಮೂಳೆ ಕೂಡಿತ್ತು. ಎಡಗಾಲು ಅರ್ಧ ಅಂಗುಲ ಗಿಡ್ಡವಾಗಿಯೇ ಉಳಿಯಿತು, ಅದನ್ನು ಯಾರಿಂದಲೂ ಸರಿಪಡಿಸಲಾಗಲಿಲ್ಲ. ಹುಣ್ಣು ಬಟಾಣಿಯಷ್ಟಾಗಿತ್ತು, ಪೂರ್ತಿ ಮುಚ್ಚಿರಲಿಲ್ಲ. ಕಂಕುಳಿಗೆ ಊರುಗೋಲು ಕೊಟ್ಟು, ದಿನಾ ಯಾರಾದರೂ ಡ್ರೆಸ್ಸಿಂಗ್ ಮಾಡಬೇಕೆಂದು ಹೇಳಿ ಜಟಕಾ ಹತ್ತಿಸಿದೆವು. ಸೊಸೆ ತಲೆ ಆಡಿಸಿದಳು.

ಅದಾದ ಎರಡನೇ ಭಾನುವಾರ ಚರ್ಚಿನಲ್ಲಿ ಸ್ತ್ರೀಯರ ಕೂಟದ ವಾರ್ಷಿಕ ಆರಾಧನೆ. ಪಾಸ್ಟರು ಲೆಂಟ್ ಕಾಲದಲ್ಲಿ ಸೇವೆ ಮಾಡಿದವರನ್ನು ಕರೆದು ಗೌರವಿಸುವುದಾಗಿ ಹೇಳಿದರು. ಮೊದಲ ವಾರದಲ್ಲೇ ಬಿಟ್ಟುಹೋದ ಮೂವರೂ ಎದ್ದು ಹೋಗಿ ಬಣ್ಣದ ಕಾಗದ ಸುತ್ತಿದ ಪುಸ್ತಕ ತೆಗೆದುಕೊಂಡರು. ಕೊನೆಗೆ ಯಾದವಗಿರಿಯ ಅಮ್ಮನ ಹೆಸರು ಓದಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಓದಿದರು. ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು.

ಆರಾಧನೆ ಮುಗಿದ ಮೇಲೆ ಪಾಸ್ಟರು ನನ್ನ ಹತ್ತಿರ ಬಂದರು. "ಎಲ್ಲಿ ಅವರು? ಮೈ ಹುಷಾರಿಲ್ಲವೇ?"

"ಪಡುವಾರಹಳ್ಳಿಗೆ ಹೋಗಿರ್ತಾರೆ ಅಯ್ಯನವರೇ. ಡ್ರೆಸ್ಸಿಂಗ್ ಇದೆ."

"ಇವತ್ತೂನಾ? ಆರಾಧನೆ ಮುಗಿಸಿಕೊಂಡು ಹೋಗಬಹುದಿತ್ತಲ್ಲ."

"ಹಾಲು ಕರೆಯೋ ಹೊತ್ತು ಮುಗಿದ ಮೇಲೇ ಆಕೆ ಮಲಗೋದು. ಆ ಹೊತ್ತಿಗೇ ಮಾಡಬೇಕು."

ಅವರಿಗೆ ಏನೂ ಅರ್ಥವಾಗಲಿಲ್ಲ. ಪುಸ್ತಕವನ್ನು ನನ್ನ ಕೈಗಿತ್ತು, ತಲುಪಿಸಿ ಎಂದರು.

ವಾರ್ಡಿಗೆ ಬಂದು ಡ್ರೆಸ್ಸಿಂಗ್ ತಟ್ಟೆಯ ಮೇಲಿನ ಬಟ್ಟೆ ಸರಿಸಿದೆ. ನನ್ನ ವಾರ್ಡಿನಲ್ಲಿ ಹರಿತವಾಗಿದ್ದ ಒಂದೇ ಒಂದು ಕತ್ತರಿ ಅಲ್ಲಿರಲಿಲ್ಲ. ಹಿಂದಿನ ಸಂಜೆ ಆ ಅಮ್ಮ ಬಂದು ಗಾಜ್ ಬಟ್ಟೆಯ ಜೊತೆ ಅದನ್ನೂ ತೆಗೆದುಕೊಂಡು ಹೋಗಿದ್ದರು ಎಂದು ಆಯಾ ಹೇಳಿದಳು. ಕೇಳಿಲ್ಲ, ಹೇಳಿಲ್ಲ. ಅಂದು ಸಂಜೆಯವರೆಗೂ ಮೊಂಡು ಕತ್ತರಿಯಲ್ಲಿ ಗಾಜ್ ಬಟ್ಟೆಯನ್ನು ಹರಿಹರಿದು ಹಾಕುತ್ತಾ, ಹನ್ನೆರಡು ಮಂಚಕ್ಕೂ ಕೇಳುವಂತೆ ಆ ಅಮ್ಮನನ್ನು ಸಂಬಳದವರನ್ನು ಬೈಯುವ ಹಾಗೆ ಬಾಯಿತುಂಬ ಬೈದೆ.